ಅಪ್ಪಟ ಕೂಲಂಟು ಮತ್ತು ಏರೋಪ್ಲೇನ್ ಇಂಜಿನ್ನು

ಹೋದ ವಾರ ನನ್ನ ಗ್ಯಾರೇಜಿಗೆ ಮತ್ತೊಬ್ರು ಬಂದಿದ್ರು, ಹಳೇ ಜೀಪು, ಸಕಲೇಶಪುರದ ಕಡೆ ತೋಟ. "ಒಂದು ಹನಿ ನೀರು ಹಾಕಿಲ್ಲ ಅಣ್ಣ, ಅಪ್ಪಟ ಕೂಲಂಟೇ ತುಂಬ್ಸಿದೀನಿ, ಆದ್ರೂ ಶಿರಾಡಿ ಘಾಟಿ ಹತ್ತೋವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತೆ" ಅಂದ್ರು, ಅದೂ ಹೆಮ್ಮೆಯಿಂದ. ಕೂಲಂಟು ಅಂದ್ರೆ ಇಂಜಿನ್ ತಣಿಸೋಕೆ ರೇಡಿಯೇಟರ್‌ಗೆ ಹಾಕೋ ದ್ರವ. ನೀರು ಹಾಕದೇ ಇರೋದೂ ಒಂದು ಕಾರಣ ಅಂದೆ. ನಂಬಲಿಲ್ಲ. "ಏರೋಪ್ಲೇನ್ ಇಂಜಿನ್‌ಗೆ ಅದನ್ನೇ ಹಾಕ್ತಿದ್ರಂತಲ್ಲ?" ಹಾಕ್ತಿದ್ರು, ನಿಜ. ಆಮೇಲೆ ಯಾಕೆ ಬಿಟ್ರು ಅಂತ ಮಾತ್ರ ಯಾರೂ ಕೇಳಲ್ಲ.

ರೋಲ್ಸ್ ರಾಯ್ಸ್ ಕೆಸ್ಟ್ರೆಲ್ ಅಂತ ಒಂದು ಏರೋಪ್ಲೇನ್ ಇಂಜಿನ್ ಇತ್ತು, ನೀರಲ್ಲೇ ತಣಿಯೋದು, 12 ಸಿಲಿಂಡರ್, 21 ಲೀಟರ್, 1920ರ ದಶಕದ್ದು. ಅಮೆರಿಕದ ಕರ್ಟಿಸ್ ಡಿ-12 ಇಂಜಿನ್ ನೋಡಿ ಬ್ರಿಟಿಷರಿಗೆ ಹೊಟ್ಟೆಕಿಚ್ಚಾಗಿ ಮಾಡಿದ್ದು ಅನ್ನಬಹುದು. 1931ರಲ್ಲಿ ಬಂದ ಹಾಕರ್ ಫ್ಯೂರಿ ಯುದ್ಧವಿಮಾನ ಇದೇ ಇಂಜಿನ್ನಲ್ಲಿ ಗಂಟೆಗೆ 200 ಮೈಲಿ ದಾಟ್ತು. ತಮಾಷೆ ಅಂದ್ರೆ 1935ರಲ್ಲಿ ಜರ್ಮನ್ನರ ಮೊದಲ ಮೆಸರ್‌ಸ್ಮಿಟ್ 109 ಯುದ್ಧವಿಮಾನ ಹಾರಿದ್ದೂ ಕೆಸ್ಟ್ರೆಲ್ ಮೇಲೇ! ನಮ್ಮ ವಾಯುಪಡೆಗೆ 1939ರಲ್ಲಿ ಬಂದ ಹಾಕರ್ ಹಾರ್ಟ್‌ಗೂ ಇದೇ ಇಂಜಿನ್ನು. ಇಂಡಿಯಾದ ಸೆಕೆಗೆ ಅಂತ ಮಾಡಿದ ಹಾರ್ಟ್‌ಗೆ ರೇಡಿಯೇಟರನ್ನೇ ದೊಡ್ಡದು ಮಾಡಿದ್ರು, ನೀರು ಬಿಟ್ಟು ಇನ್ನೇನೋ ತುಂಬಲಿಲ್ಲ, ಗಮನಿಸಿ.

ತೊಂದರೆ ಇದ್ದಿದ್ದು ಮೇಲೆ ಹೋದಾಗ. ಮೇಲೆ ಚಳಿ ಅಲ್ವಾ, ಇಂಜಿನ್ ತಣ್ಣಗಿರುತ್ತೆ ಅನ್ಕೋತೀರಿ. ಆದ್ರೆ ಗಾಳಿಯ ಒತ್ತಡ ಕಮ್ಮಿ ಆದಷ್ಟೂ ನೀರು ಬೇಗ ಕುದಿಯುತ್ತೆ, 6,000 ಮೀಟರಲ್ಲಿ 80 ಡಿಗ್ರಿಗೇ ಕುದಿ. ಕುದಿದ್ರೆ ಕುದಿಯಲಿ ಅಂತ ಗಾಸ್‌ಹಾಕ್ ಇಂಜಿನ್ ಮಾಡಿದ್ರು, ಕೆಸ್ಟ್ರೆಲ್ ತಮ್ಮ ಅನ್ನಿ. ನೀರನ್ನ ಆವಿ ಮಾಡಿ ರೆಕ್ಕೆಯೊಳಗೆ ತಣಿಸಿ ವಾಪಸ್ ತರೋ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ, ಒಂದು ಗ್ರಾಂ ನೀರು ಆವಿಯಾಗೋವಾಗ ಸೊನ್ನೆಯಿಂದ ನೂರು ಡಿಗ್ರಿಗೆ ಕಾಯೋಕೆ ಬೇಕಾದ ಶಾಖದ ಐದು ಪಟ್ಟಿಗಿಂತ ಜಾಸ್ತಿ ಎಳ್ಕೊಳ್ಳುತ್ತೆ. ಆದ್ರೆ ಕುದಿಯೋ ಹಂತದಲ್ಲಿರೋ ನೀರನ್ನ ಪಂಪು ಎಳೆದ ತಕ್ಷಣ ಅದು ಪಂಪಿನೊಳಗೇ ಮತ್ತೆ ಆವಿಯಾಗಿ ಬಿಡ್ತಿತ್ತು. 1934ರಲ್ಲಿ ಸೂಪರ್‌ಮರೀನ್ ಟೈಪ್ 224 ಅನ್ನೋ ವಿಮಾನ ಇದನ್ನ ಹಾಕ್ಕೊಂಡೇ ಒದ್ದಾಡಿದ್ದು.

ಆಮೇಲೆ ಬಂದಿದ್ದೇ ಗ್ಲೈಕಾಲ್, ಅಂದ್ರೆ ನಿಮ್ಮ ಕೂಲಂಟಿನ ಮೂಲ ಸರಕು. 197 ಡಿಗ್ರಿ ತನಕ ಕುದಿಯಲ್ಲ. ಕೆಸ್ಟ್ರೆಲ್ ಆದ್ಮೇಲೆ ರೋಲ್ಸ್ ರಾಯ್ಸ್‌ನವರೇ ಮಾಡಿದ ಮೊದಮೊದಲ ಮರ್ಲಿನ್ ಇಂಜಿನ್‌ಗಳಿಗೆ ಇದನ್ನೇ ಅಪ್ಪಟ ತುಂಬಿದ್ರು. ಜಾಯಿಂಟುಗಳಲ್ಲಿ ಸೋರೋದು, ಬೆಂಕಿನೂ ಹಿಡಿಯೋದು. ಎಲ್ಲಕ್ಕಿಂತ ಮುಖ್ಯ, ಒಂದು ಕೆಜಿ ನೀರು ಒಂದು ಡಿಗ್ರಿ ಕಾಯೋಕೆ ಸುಮಾರು 4.2 ಕಿಲೋಜೂಲ್ ಶಾಖ ಹೀರುತ್ತೆ, ಗ್ಲೈಕಾಲ್ ಬರೀ 2.4ರ ಹತ್ರ. ಇದನ್ನೇ ನಾನು ಮೂವತ್ತು ವರ್ಷದಿಂದ ಹೇಳ್ತಿರೋದು ಸಾರ್. ಶಾಖ ಹೊರೋ ಕೂಲಿಯಾಳು ನೀರು. ಗ್ಲೈಕಾಲ್ ತಡವಾಗಿ ಕುದಿಯುತ್ತೆ ಅಷ್ಟೇ, ಹೊರೋದ್ರಲ್ಲಿ ಸೋಮಾರಿ. ತಡವಾಗಿ ಕುದಿಯೋದು ಬೇರೆ, ಜಾಸ್ತಿ ತಣಿಸೋದು ಬೇರೆ, ಎರಡನ್ನೂ ಒಂದೇ ಅಂತ ತಿಳ್ಕೊಂಡೇ ಜನ ಬಾಟ್ಲಿ ಮೇಲೆ ಬಾಟ್ಲಿ ಸುರಿಯೋದು.

ಕೊನೆಗೆ ಮರ್ಲಿನ್ 12ರಲ್ಲಿ 70 ಭಾಗ ನೀರು, 30 ಭಾಗ ಗ್ಲೈಕಾಲ್, ಸಿಸ್ಟಮ್ಮಿಗೆ ಪ್ರೆಶರ್. ನೀರನ್ನ ಕುದಿಯದಂಗೆ ಹಿಡಿದಿಡೋ ಕೆಲಸ ಪ್ರೆಶರ್‌ಗೆ ಬಿಟ್ರು. ನಿಮ್ಮ ರೇಡಿಯೇಟರ್ ಕ್ಯಾಪ್ ಮಾಡೋದೂ ಅದನ್ನೇ, ಕುಕ್ಕರ್ ವೆಯ್ಟ್ ಇದ್ದಂಗೆ. ಮೇಲೆ 0.9 (ಬಾರ್, ಒತ್ತಡದ ಅಳತೆ) ಅಂತ ಬರೆದಿದ್ರೆ ಬರೀ ನೀರೇ 118 ಡಿಗ್ರಿ ಹತ್ರ ಹೋಗೋ ತನಕ ಕುದಿಯಲ್ಲ.

ಹಂಗಂತ ನಾಳೆನೇ ಎಲ್ಲ ಸುರಿದು ಬೋರ್‌ವೆಲ್ ನೀರು ತುಂಬ್ಬೇಡಿ, ತುಕ್ಕು ಹಿಡಿದು ಇಂಜಿನ್ ಹಾಳಾದ್ರೆ ನನ್ನ ಕೇಳ್ಬೇಡಿ. ಕೆಲವು ಕೂಲಂಟು ಮೊದಲೇ ನೀರು ಬೆರೆಸಿ ಬರುತ್ತೆ, ಲೇಬಲ್ ಓದಿ, ಗಾಡಿ ಮ್ಯಾನುಯಲ್ ಏನು ಹೇಳುತ್ತೋ ಅದೇ ಫೈನಲ್ಲು.

ಆ ಜೀಪಿನ ಕ್ಯಾಪ್ ತೆಗೆದು ನೋಡಿದ್ರೆ ರಬ್ಬರ್ ಹರಿದು ನೇತಾಡ್ತಿತ್ತು. ಹೊಸ ಕ್ಯಾಪ್ ಹಾಕಿ, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ಕೊಟ್ಟೆ. ಪಾಪ, ಹೊರಗೆ ತೆಗೆದ ಅಪ್ಪಟ ಕೂಲಂಟನ್ನ ಕ್ಯಾನಿಗೆ ತುಂಬಿಸ್ಕೊಂಡೇ ಹೋದ್ರು, ತಮ್ಮನ ಟ್ರ್ಯಾಕ್ಟರ್‌ಗೆ ಆಗುತ್ತಂತೆ.