ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟು?

ಪೊಟ್ಟಣದ ಮುಂದೆ ರಾಗಿ ತೆನೆಯ ಚಿತ್ರವಿರುತ್ತದೆ. ಹಿಂದೆ ತಿರುಗಿಸಿ, ಸಣ್ಣಕ್ಷರದ ಪದಾರ್ಥಗಳ ಪಟ್ಟಿ ಓದಿ. ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬಿಸ್ಕತ್ತು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಂತೆ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರಬೇಕು. ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದ ಪದಾರ್ಥದ ಶೇಕಡಾ ಪ್ರಮಾಣವನ್ನೂ ನಮೂದಿಸಬೇಕು. 'ರಾಗಿ ಹಿಟ್ಟು 12%' ಎಂದಿದ್ದರೆ 100 ಗ್ರಾಂ ಪೊಟ್ಟಣದಲ್ಲಿರುವುದು 12 ಗ್ರಾಂ ಹಿಟ್ಟು. ಒಂದು ಸಣ್ಣ ಮುದ್ದೆಗೂ ಅದು ಸಾಲದು.

ಈ ಕ್ರಮದಲ್ಲೂ ಒಂದು ಸಂದಿಯಿದೆ. ಒಂದು ಬಿಸ್ಕತ್ತಿನಲ್ಲಿ ಮೈದಾ 45, ತಾಳೆ ಎಣ್ಣೆ 18, ರಾಗಿ 12, ಸಕ್ಕರೆ 10, ಲಿಕ್ವಿಡ್ ಗ್ಲೂಕೋಸ್ 8, ಇನ್ವರ್ಟ್ ಸಿರಪ್ 5 ಭಾಗ ಇದೆ ಎಂದುಕೊಳ್ಳಿ. ಸಕ್ಕರೆ ನಾಲ್ಕನೆಯ ಸ್ಥಾನದಲ್ಲಿ ಕಾಣುತ್ತದೆ. ಕೊನೆಯ ಮೂರೂ ಸಕ್ಕರೆಯ ರೂಪಗಳೇ, ಕೂಡಿಸಿದರೆ 23. ಸಿರಪ್ಪುಗಳಲ್ಲಿನ ನೀರನ್ನು ಕಳೆದರೂ ರಾಗಿಯನ್ನು ಮೀರುತ್ತದೆ. ಒಂದೇ ಮನೆಯ ಮೂವರು ಬೇರೆ ಬೇರೆ ಚೀಟಿ ಹಿಡಿದು ಸಾಲಿನ ಹಿಂದೆ ನಿಂತಂತೆ. ಬೆಲ್ಲ, ಜೇನು, ಖರ್ಜೂರದ ಪಾಕ ಕಂಡರೆ ಅವನ್ನೂ ಇದೇ ಮನೆಗೆ ಸೇರಿಸಿ ಲೆಕ್ಕ ಹಾಕಿ.

ಇನ್ನೊಂದು ಹೆಸರು ಮಾಲ್ಟೋಡೆಕ್ಸ್‌ಟ್ರಿನ್. ಪೊಟ್ಟಣದ ಹಿಂದಿನ ಪೋಷಕಾಂಶಗಳ ಕೋಷ್ಟಕದ 'ಶುಗರ್ಸ್' ಸಾಲಿನಲ್ಲಿ ಲೆಕ್ಕಕ್ಕೆ ಬರುವುದು ಒಂದು ಅಥವಾ ಎರಡು ಘಟಕಗಳ ಸಕ್ಕರೆಗಳು ಮಾತ್ರ. ಮಾಲ್ಟೋಡೆಕ್ಸ್‌ಟ್ರಿನ್ ಎಂದರೆ ಪಿಷ್ಟವನ್ನು ತುಂಡರಿಸಿ ಮಾಡಿದ ಗ್ಲೂಕೋಸಿನ ಗಿಡ್ಡ ಸರಪಳಿ. ಮಲ್ಲಿಗೆಯನ್ನು ಎಣಿಸುವಾಗ ಬಿಡಿ ಹೂವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಕಟ್ಟಿದ ಮಾಲೆಯನ್ನು ಪಕ್ಕಕ್ಕಿಟ್ಟಂತೆ ಇದು. ಜೊಲ್ಲು ಮತ್ತು ಕರುಳಿನ ಕಿಣ್ವಗಳು ಆ ದಾರವನ್ನು ಬೇಗನೆ ಕತ್ತರಿಸುತ್ತವೆ, ಹೂಗಳೆಲ್ಲ ರಕ್ತದಲ್ಲಿ ಚೆಲ್ಲುತ್ತವೆ. ಸಿಹಿ ಕಡಿಮೆ, ಆದರೆ ರಕ್ತದ ಗ್ಲೂಕೋಸ್ ಏರುವುದು ತಪ್ಪುವುದಿಲ್ಲ. ಮಧುಮೇಹ ಇರುವವರು 'ಶುಗರ್ಸ್' ಸಾಲಿಗೆ ನಿಲ್ಲದೆ 'ಕಾರ್ಬೋಹೈಡ್ರೇಟ್' ಸಾಲನ್ನೂ ನೋಡಲೇಬೇಕು.

ಕ್ಯಾಲೊರಿಯ ಲೆಕ್ಕಕ್ಕೆ ಹಳೆಯ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ ಮನುಷ್ಯರನ್ನೇ ಮುಚ್ಚಿದ ಕೋಣೆಯಲ್ಲಿ ಇರಿಸಿ, ಅವರ ದೇಹ ಹೊಮ್ಮಿಸುವ ಶಾಖವನ್ನು ಅಳೆದರು. ಗ್ರಾಂ ಪ್ರೋಟೀನಿಗೂ ಕಾರ್ಬೋಹೈಡ್ರೇಟಿಗೂ 4, ಕೊಬ್ಬಿಗೆ 9 ಕಿಲೋಕ್ಯಾಲೊರಿ ಎಂಬ ಗುಣಕಗಳಿಗೆ ಅವರ ಕೆಲಸವೇ ಬುನಾದಿ. 100 ಗ್ರಾಂ ಬಿಸ್ಕತ್ತಿನಲ್ಲಿ ಕಾರ್ಬೋಹೈಡ್ರೇಟ್ 70, ಪ್ರೋಟೀನ್ 7, ಕೊಬ್ಬು 18 ಗ್ರಾಂ ಎಂದಿದ್ದರೆ 280, 28, 162, ಒಟ್ಟು 470. ಇದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯಿಂದಲೇ ಬಂತು ಎಂಬುದು ಈ ಗುಣಾಕಾರದಿಂದ ಹೊಳೆಯುತ್ತದೆ.

'ಪರ್ ಸರ್ವ್', ಅಂದರೆ ಒಂದು ಸಲ ತಿನ್ನುವ ಪಾಲಿಗೆ ಎಷ್ಟು ಎಂಬ ಕಂಬಸಾಲು ಮೋಸ ಹೋಗುವ ಜಾಗ. ಒಂದು ಸರ್ವ್ 25 ಗ್ರಾಂ, ಅದರಲ್ಲಿ ಸೇರಿಸಿದ ಸಕ್ಕರೆ 6 ಗ್ರಾಂ ಎಂದಿದ್ದರೆ ದಿನದ ಮಿತಿಯ 12% ಅಂತ ಕಾಣುತ್ತದೆ. ಆ ಮಿತಿ 2000 ಕಿಲೋಕ್ಯಾಲೊರಿ ಆಹಾರಕ್ಕೆ 50 ಗ್ರಾಂ. ಚಹಾದ ಜೊತೆ 100 ಗ್ರಾಂ ಪೊಟ್ಟಣ ಖಾಲಿಯಾದರೆ 48% ಮುಗಿಯಿತು. ಎರಡು ಬ್ರ್ಯಾಂಡ್ ಹೋಲಿಸುವಾಗ 100 ಗ್ರಾಂ ಕಂಬಸಾಲನ್ನೇ ಹಿಡಿಯಿರಿ.

ಉಪ್ಪಿನ ಹೆಸರು ಕೋಷ್ಟಕದಲ್ಲಿ ಸಿಗುವುದಿಲ್ಲ, ಸೋಡಿಯಂ ಎಂದಿರುತ್ತದೆ. ಅದನ್ನು 2.5ರಿಂದ ಗುಣಿಸಿ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ದಿನದ ಮಿತಿ 5 ಗ್ರಾಂ, ಅದರಲ್ಲಿ ಮನೆಯ ಸಾರು, ಉಪ್ಪಿನಕಾಯಿ, ಹಪ್ಪಳಕ್ಕೂ ಪಾಲು ಬೇಕು. ಅಡುಗೆ ಸೋಡಾದ ಸೋಡಿಯಂ ಕೂಡ ಇದೇ ಅಂಕಿಯಲ್ಲಿ ಸೇರಿರುವುದರಿಂದ ಸಿಹಿ ಬಿಸ್ಕತ್ತಿನಲ್ಲೂ ಅದು ಶೂನ್ಯವಲ್ಲ.

ಇಷ್ಟೆಲ್ಲ ಕಣ್ಣೆದುರೇ ಇರುವಾಗ, ವಾಟ್ಸಾಪಿನಲ್ಲಿ ಓಡಾಡುವ ಭಯ ಮಾತ್ರ ಐಎನ್‌ಎಸ್ ಸಂಖ್ಯೆಗಳ ಮೇಲೆ, ಅಂದರೆ ಆಹಾರಕ್ಕೆ ಬೆರೆಸುವ ಸಂಯೋಜಕಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆಗಳ ಮೇಲೆ. 330 ಎಂದರೆ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ. 500(ii) ಅಡುಗೆ ಸೋಡಾ. 322 ಲೆಸಿಥಿನ್, ಸಾಮಾನ್ಯವಾಗಿ ಸೋಯಾದಿಂದ ತೆಗೆದದ್ದು. ಸೋಯಾ ಅಲರ್ಜಿ ಇರುವವರು ಮಾತ್ರ ಅದರ ಮೂಲ ನೋಡಿಕೊಳ್ಳಬೇಕು. ಸಂಖ್ಯೆ ಕಂಡ ಕೂಡಲೇ ಪೊಟ್ಟಣ ಕೆಳಗಿಡುವವರು ಪಟ್ಟಿಯಲ್ಲಿ ಅದಕ್ಕಿಂತ ಮೊದಲೇ ಬರುವ ಸಕ್ಕರೆ, ತಾಳೆ ಎಣ್ಣೆಗಳ ಮೇಲೆ ಮೊದಲು ಬೆರಳಿಡಲಿ.