ಹಾವು ಹುಡುಕಬೇಡಿ, ಬಿಸಿ ಹುಡುಕಿ

ಜನವರಿಯ ಒಂದು ಬೆಳಿಗ್ಗೆ ಶಿಡ್ಲಘಟ್ಟದ ಹತ್ತಿರವಿರುವ ಅಕ್ಕನ ಮನೆಯಿಂದ ಫೋನು. "ಮಾಮ, ಹಾವು ಡಬ್ಬದಲ್ಲಿಲ್ಲ" ಎಂದು ಅಕ್ಕನ ಮಗ ಪಿಸುಗುಟ್ಟಿದ. ಅವನು ಸಾಕಿದ್ದು ಕಾರ್ನ್ ಸ್ನೇಕ್: ಅಮೆರಿಕದ ಆಗ್ನೇಯ ಭಾಗದ, ವಿಷವಿಲ್ಲದ, ಕಿತ್ತಳೆ ಬಣ್ಣದ ಹಾವು. (ನಮ್ಮ ನಾಗರವನ್ನೋ ಕೇರೆಯನ್ನೋ ಹೀಗೆ ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.)

ನಾನು ಹೋಗುವಷ್ಟರಲ್ಲಿ ಅಕ್ಕಪಕ್ಕದವರ ಸಲಹೆಯಂತೆ ಮೂಲೆಯಲ್ಲಿ ಒಂದು ಬಟ್ಟಲು ಹಾಲು, ಹೊಸ್ತಿಲಲ್ಲಿ ಜಜ್ಜಿದ ಬೆಳ್ಳುಳ್ಳಿ. ಒಂದು ಹಾವನ್ನು ಕರೆಯೋದಕ್ಕಂತೆ, ಇನ್ನೊಂದು ಓಡಿಸೋದಕ್ಕಂತೆ! ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳು ಸಾವಿರಗಟ್ಟಲೆ ನಿಂತಿರುವ ಸೀಮೆ ನಮ್ಮದು. ಕಲ್ಲಿಗೆ ಹಾಲೆರೆಯಲು ನನ್ನ ತಕರಾರಿಲ್ಲ. ಜೀವಂತ ಹಾವಿಗೆ ಮಾತ್ರ ಹಾಲು ಆಹಾರವೇ ಅಲ್ಲ. ನೀರು ಸಿಗದೆ ಬಾಯಾರಿ ಬೆಂಡಾಗಿದ್ದರೆ ಕುಡಿದೀತು, ಅಷ್ಟೆ.

ಹಾಗಾದರೆ ಅದು ಹುಡುಕುವುದು ಏನನ್ನು? ಬಿಸಿಯನ್ನು.

"ತಣ್ಣನೆ ರಕ್ತದ ಪ್ರಾಣಿ" ಎಂಬ ಮಾತೇ ದಾರಿ ತಪ್ಪಿಸುತ್ತದೆ. 1758ರಲ್ಲಿ ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ ಹಾವು, ಹಲ್ಲಿ, ಕಪ್ಪೆಗಳನ್ನೆಲ್ಲ ಒಂದೇ ಗುಂಪಿಗೆ ತಳ್ಳಿ, ತಣ್ಣನೆ ಮೈಯ ಅಸಹ್ಯ ಜೀವಿಗಳೆಂದು ಬೈದುಬಿಟ್ಟ. ಬಿಸಿಲು ಕಾಯಿಸಿದ ಓತಿಕ್ಯಾತದ ರಕ್ತ ನಮ್ಮ ರಕ್ತದಷ್ಟೇ ಬಿಸಿಯಿರಬಹುದು. ಮರುಭೂಮಿಯ ಸರೀಸೃಪಗಳು ಬಿಸಿಲು ನೆರಳಿನ ನಡುವೆ ಓಡಾಡಿಯೇ ಮೈಯ ಉಷ್ಣತೆಯನ್ನು ಹದದಲ್ಲಿ ಇಟ್ಟುಕೊಳ್ಳುತ್ತವೆ ಎಂದು ಅಮೆರಿಕದ ವಿಜ್ಞಾನಿಗಳಾದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ತೋರಿಸಿದ್ದು 1944ರಲ್ಲಿ. ನಮ್ಮ ಮೈ ಆರದ ಒಲೆ. ಮುದ್ದೆಯೆಂಬ ಸೌದೆ ಒಟ್ಟುತ್ತಲೇ ಇರಬೇಕು. ಹಾವು ಪಕ್ಕದ ಮನೆಯ ಒಲೆ ಮುಂದೆ ಕೂತು ಚಳಿ ಕಾಯಿಸಿಕೊಳ್ಳುವ ಜಾಣ. ಇನ್ನೂ ನಮ್ಮ ಕಡೆಯ ಮಾತಲ್ಲಿ ಹೇಳಬೇಕೆಂದರೆ, ನಾವು ಬೋರ್‌ವೆಲ್ ಕೊರೆಸಿ ಹಗಲೂ ರಾತ್ರಿ ಮೋಟಾರು ಓಡಿಸುವವರು, ಹಾವು ಕೆರೆ ನೀರಿನ ರೈತ. ಖರ್ಚು ಕಡಿಮೆ, ಆದ್ದರಿಂದ ವಾರಗಟ್ಟಲೆ ಉಪವಾಸವಿದ್ದರೂ ಅದಕ್ಕೆ ಚಿಂತೆಯಿಲ್ಲ. ಆದರೆ ಕೆರೆ ಇರುವ ಕಡೆ ಅದೇ ಹೋಗಬೇಕು.

ಜೊತೆಗೆ ಇಕ್ಕಟ್ಟೂ ಬೇಕು. ಸುತ್ತಲೂ ಏನಾದರೂ ಮೈಗೆ ತಾಗುತ್ತಿದ್ದರೇ ಅದಕ್ಕೆ ನೆಮ್ಮದಿ.

ಫ್ರಿಜ್ ಹಿಂದೆ ನೋಡಿದೆವು, ಇನ್ವರ್ಟರ್ ಕೆಳಗೆ ನೋಡಿದೆವು. ಕೈ ಹಾಕಿ ಅಲ್ಲ, ಟಾರ್ಚ್ ಬಿಟ್ಟು. ಸಂದಿಯಲ್ಲಿರುವುದು ನಮ್ಮ ಹಾವೇ ಎಂದು ಯಾರು ಹೇಳಿದರು? ಕಟ್ಟುಹಾವು, ಕೊಳಕುಮಂಡಲಗಳಿರುವ ಊರು ಇದು. ಎಲ್ಲೂ ಇಲ್ಲ. ರಾತ್ರಿ ಎಲ್ಲ ಹೊಸ್ತಿಲುಗಳಿಗೂ ತೆಳ್ಳಗೆ ಅಕ್ಕಿ ಹಿಟ್ಟು ಚೆಲ್ಲಿ ದೀಪ ಆರಿಸಿದೆವು. ಬೆಳಿಗ್ಗೆ ಒಂದು ಹೊಸ್ತಿಲಲ್ಲಿ ಮಾತ್ರ ಹಿಟ್ಟಿನ ಮೇಲೆ ಬಳುಕಿದ ಗೆರೆ. ಅದು ಅಕ್ಕನ ಅತ್ತೆಯ ಚಾಕಿ ಕೋಣೆ, ಅಂದರೆ ಮೊಟ್ಟೆಯೊಡೆದ ಎಳೆ ರೇಷ್ಮೆ ಹುಳುಗಳನ್ನು ಸಾಕುವ ಕೋಣೆ.

ಈಗ ಬಹಳ ಜನ ಚಾಕಿ ಕೇಂದ್ರದಿಂದಲೇ ಮರಿಹುಳು ತರುತ್ತಾರೆ. ಈ ಅಜ್ಜಿ ಮಾತ್ರ ಮೊಟ್ಟೆ ತಂದು ತಾವೇ ಚಾಕಿ ಮಾಡುತ್ತಾರೆ. ರೇಷ್ಮೆ ಹುಳುವಿಗೂ ಸ್ವಂತ ಒಲೆಯಿಲ್ಲ ತಾನೇ? ಆ ಕೋಣೆಯಲ್ಲಿ ಹೀಟರ್ ಉರಿಯುತ್ತಿತ್ತು, ಒದ್ದೆ ಗೋಣಿ ನೇತಾಡುತ್ತಿತ್ತು. ಚಾಕಿ ಹುಳುವಿಗೆ 27–28 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡ 80–90 ತೇವಾಂಶ ಬೇಕು. ಹೊರಗೆ ಹಲ್ಲು ಕಟಕಟಿಸುವ ಒಣಚಳಿ. ಹುಳುವಿಗೆಂದು ಮಾಡಿದ ಹದವೇ ಹಾವಿಗೂ ಒಗ್ಗಿತ್ತು. ತಟ್ಟೆಗಳ ಪಕ್ಕ ಮಡಿಸಿಟ್ಟಿದ್ದ ಹಳೇ ಪೇಪರಿನ ನಡುವೆ ಅದು ಸುರುಳಿ ಸುತ್ತಿ ಮಲಗಿತ್ತು. ಕಣ್ಣು ಹಾಲು ಬೆರೆಸಿದ ನೀಲಿಯಂತೆ ಮಸುಕು.

ಹುಡುಗ ಕೈ ಚಾಚಿದ. ಅಜ್ಜಿ ಬಗ್ಗಿ ನೋಡಿ ಗದರಿದರು: "ಮುಟ್ಬೇಡ ಸುಮ್ಕಿರು, ಅದೂ ಜ್ವರಕ್ಕೆ ಕೂತೈತೆ."

ರೇಷ್ಮೆ ಹುಳು ಪೊರೆ ಬಿಡುವ ಮುನ್ನ ಸೊಪ್ಪು ಮುಟ್ಟದೆ ಅಲುಗಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು ವಿವರಿಸಲು ಬಾಯಿ ತೆರೆದವನು ಮುಚ್ಚಿಕೊಂಡೆ. ವಾರದೊಳಗೆ ಹಾವು ಪೊರೆ ಕಳಚಿತು. ಅಷ್ಟರಲ್ಲಿ ಹುಳುಗಳೂ ಎರಡನೇ ಜ್ವರ ಎದ್ದು ಸೊಪ್ಪು ಮೇಯುತ್ತಿದ್ದವು.