ಟ್ರೌಟ್ ಕೇಳೋ ಗೆಸ್ಟ್‌ಗಳು, ನಮ್ಮ ಹೊಳೆಲಿ ಉಳಿದಿರೋ ಮೀನು

ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರು ಕಡೆ ಹೋಮ್‌ಸ್ಟೇ ನಡೆಸೋರ ಹತ್ರ ಕೂತು ಮಾತಾಡಿದ್ರೆ ಈಗೀಗ ಒಂದು ವಿಷ್ಯ ಬಂದೇ ಬರುತ್ತೆ. ಬೆಂಗಳೂರಿಂದ ಬರೋ ಗೆಸ್ಟ್‌ಗಳು ಫೋನಲ್ಲಿ ಅಮೆರಿಕದ ಮೊಂಟಾನಾ, ಕೊಲರಾಡೊ ಕಡೆಯ ಗೆಸ್ಟ್ ರ‍್ಯಾಂಚ್‌ಗಳ ವಿಡಿಯೋ ನೋಡಿರ್ತಾರೆ, ಬೆಟ್ಟದ ಬುಡದಲ್ಲಿ ಮರದ ಮನೆ, ಕುದುರೆ, ಮೊಣಕಾಲುದ್ದದ ತಣ್ಣೀರಲ್ಲಿ ನಿಂತು ಉದ್ದ ದಾರ ಗಾಳಿಲಿ ಬೀಸಿ ಬೀಸಿ ಟ್ರೌಟ್ ಮೀನು ಹಿಡಿಯೋದು, ಆಮೇಲೆ ಅದನ್ನ ವಾಪಸ್ ನೀರಿಗೆ ಬಿಡೋದು. ನಿಮ್ಮ ಎಸ್ಟೇಟ್ ಒಳಗೇ ಹಳ್ಳ ಹರಿಯುತ್ತಲ್ಲ, ಇಲ್ಲಿ ಯಾಕೆ ಇದು ಇಲ್ಲ ಅಂತ ಕೇಳ್ತಾರೆ. ಕೇಳೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಈ ಮಾತು ಕೇಳಿದ ಓನರ್ರು "ಟ್ರೌಟ್ ಮರಿ ಎಲ್ಲಿ ಸಿಗುತ್ತೆ, ತಂದು ಬಿಟ್ರೆ ಆಯ್ತಲ್ಲ" ಅಂತ ಯೋಚ್ನೆ ಶುರು ಮಾಡಿದ್ರೆ ನನಗೆ ನಿಜಕ್ಕೂ ಭಯ ಆಗುತ್ತೆ, ಯಾಕಂದ್ರೆ ಹೊರಗಿಂದ ಮೀನು ತಂದು ಬಿಟ್ಟ ಕಥೆ ನಮ್ಮ ರಾಜ್ಯದಲ್ಲಿ ಒಂದ್ಸಲ ಆಗಿಹೋಗಿದೆ, ಅದರಲ್ಲಿ ಕಳ್ಕೊಂಡಿದ್ದು ಸಣ್ಣದಲ್ಲ.

ಮೊದ್ಲು ಟ್ರೌಟ್ ವಿಷ್ಯ ಹೇಳ್ಬಿಡ್ತೀನಿ. ಗೆಸ್ಟ್‌ಗಳು ವಿಡಿಯೋಲಿ ನೋಡಿರೋ ಆ ಆಟಕ್ಕೆ ಫ್ಲೈ ಫಿಶಿಂಗ್ ಅಂತಾರೆ, ಅದರಲ್ಲಿ ಗಾಳಕ್ಕೆ ಎರೆಹುಳ ಇರಲ್ಲ, ಹಿಟ್ಟೂ ಇರಲ್ಲ. ಹಕ್ಕಿ ಗರಿ, ರೋಮ, ನೂಲು ಸುತ್ತಿ ನೊಣದ ತರ ಕಾಣೋ ಹಾಗೆ ಕೊಕ್ಕೆ ಕಟ್ಟಿರ್ತಾರೆ, ಅದೇ ಫ್ಲೈ. ಅದಕ್ಕೆ ತೂಕನೇ ಇಲ್ಲ, ಹಾಗಾಗಿ ಎಸೆಯೋಕೆ ಬೇಕಾದ ಭಾರ ಪೂರ್ತಿ ದಾರದಲ್ಲೇ ಇಟ್ಟಿರ್ತಾರೆ, ಅದಕ್ಕೇ ಆ ಉದ್ದ ಬೀಸು. ಟ್ರೌಟ್ ನೀರಿನ ಮೇಲೆ ಬಂದು ಬೀಳೋ ಹುಳ ತಿನ್ನೋ ಮೀನು ಆದ್ರಿಂದ ಈ ಕಲೆ ಅದರ ಸುತ್ತಾನೇ ಬೆಳೀತು. ಬ್ರೌನ್ ಟ್ರೌಟ್ ಯುರೋಪಿನ ಕಡೇದು, ರೇನ್‌ಬೋ ಟ್ರೌಟ್ ಮುಖ್ಯವಾಗಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಗೆ ಸೇರೋ ಹೊಳೆಗಳದ್ದು. ಎರಡಕ್ಕೂ ತಣ್ಣಗಿನ, ಆಕ್ಸಿಜನ್ ಚೆನ್ನಾಗಿರೋ ನೀರು ವರ್ಷಪೂರ್ತಿ ಬೇಕು, ನೀರು 20 ಡಿಗ್ರಿ ದಾಟಿದ್ರೆ ಒದ್ದಾಡೋಕೆ ಶುರು ಮಾಡ್ತವೆ.

ಇಂಡಿಯಾಕ್ಕೆ ಇವು ಬಂದಿದ್ದು ಬ್ರಿಟಿಷರ ಆಸೆಗೆ. ಕಾಶ್ಮೀರಕ್ಕೆ ತಂದ ಮೊದಲ ಮೊಟ್ಟೆಗಳು 1899ರಲ್ಲಿ ದಾರಿಲೇ ಹಾಳಾದ್ವು, 1900ರಲ್ಲಿ ಮತ್ತೆ ತಂದಾಗ ಉಳ್ಕೊಂಡ್ವು. ನೀಲಗಿರಿಗೆ ಫ್ರಾನ್ಸಿಸ್ ಡೇ ಅನ್ನೋ ಮೀನು ತಜ್ಞ 1860ರ ದಶಕದಲ್ಲೇ ಟ್ರೈ ಮಾಡಿ ಸೋತಿದ್ದ, ಕೊನೆಗೆ ಹೆಚ್.ಸಿ. ವಿಲ್ಸನ್ ಕಾಲದಲ್ಲಿ, 1907ರ ಹೊತ್ತಿಗೆ, ಊಟಿ ಹತ್ರದ ಅವಲಾಂಚ್‌ನಲ್ಲಿ ಹ್ಯಾಚರಿ, ಅಂದ್ರೆ ಮೀನು ಮರಿ ಮಾಡೋ ಕೇಂದ್ರ, ಆಯ್ತು, ಅಲ್ಲಿ ರೇನ್‌ಬೋ ನೆಲೆ ನಿಲ್ತು. ಮುನ್ನಾರಿನ ಟೀ ಪ್ಲಾಂಟರ್‌ಗಳೂ ಎತ್ತರದ ಹೊಳೆಗಳಲ್ಲಿ ಬೆಳೆಸಿದ್ರು. ನೋಡಿ, ಇವೆಲ್ಲ ಹೆಚ್ಚುಕಮ್ಮಿ ಎರಡು ಸಾವಿರ ಮೀಟರ್ ಎತ್ತರದ ಜಾಗಗಳು. ನಮ್ಮಲ್ಲಿ ಮುಳ್ಳಯ್ಯನಗಿರಿ 1,930 ಮೀಟರ್ ಇದೆ ನಿಜ, ಆದ್ರೆ ಅದು ತುದಿ. ಅಲ್ಲಿ ಶೋಲಾ ಕಾಡಿನ ಸಂದಿಲಿ ಹುಟ್ಟೋ ನೀರು ಸಣ್ಣ ಝರಿ, ಅದು ಮೀನು ಇರೋವಷ್ಟು ಹಳ್ಳ ಆಗೋ ಹೊತ್ತಿಗೆ ಕಾಫಿ ತೋಟದ ಮಟ್ಟಕ್ಕೆ, ಅಂದ್ರೆ ಸಾವಿರ ಮೀಟರ್ ಆಸುಪಾಸಿಗೆ ಇಳಿದಿರುತ್ತೆ. ಜುಲೈಲಿ ಕಲ್ಲು ಉರುಳಿಸ್ಕೊಂಡು ಹೋಗೋ ಅದೇ ಹಳ್ಳ ಏಪ್ರಿಲ್‌ನಲ್ಲಿ ಗುಂಡಿಯಿಂದ ಗುಂಡಿಗೆ ಸಣ್ಣಗೆ ಜಿನುಗ್ತಿರುತ್ತೆ, ಬಿಸಿಲಿಗೆ ಬೆಚ್ಚಗಾಗಿರುತ್ತೆ. ಟ್ರೌಟ್‌ಗೆ ಅದು ಬದುಕೋ ಜಾಗ ಅಲ್ಲ.

ಹಾಗಂತ ಗಾಳ ಹಾಕೋ ಆಟ ನಮಗೆ ಹೊರಗಿಂದ ಬಂದಿದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗನೇ ಇದೆ, ಯಾವ್ಯಾವ ಮೀನು, ಅದಕ್ಕೆ ಯಾವ ತಿಂಡಿ, ದಾರ ಹೇಗಿರ್ಬೇಕು, ಕೊಕ್ಕೆ ಹೇಗಿರ್ಬೇಕು ಅಂತ ವಿವರವಾಗಿ ಹೇಳಿದೆ. ಆಟಕ್ಕೆ ಅಂತ ಮೀನು ಹಿಡಿಯೋದನ್ನ ಇಷ್ಟು ಹಿಂದೆ ಇಷ್ಟು ಚೆಂದಕ್ಕೆ ಬರೆದಿಟ್ಟಿರೋದು ಕನ್ನಡ ನಾಡಿನ ಅರಮನೆಲಿ ಅನ್ನೋದು ನಮಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ನಮ್ಮ ಹೊಳೆಗಳ ದೊಡ್ಡ ಮೀನು ಅಂದ್ರೆ ಮಹಶೀರ್. ದಪ್ಪ ಹುರುಪೆ, ದಪ್ಪ ತುಟಿ, ರಭಸದ ನೀರಲ್ಲಿ ಎದುರು ಈಜೋ ತಾಕತ್ತು. ಬ್ರಿಟಿಷರು ಬಂದಮೇಲೆ ಇದರ ಹುಚ್ಚು ಹಿಡಿಸ್ಕೊಂಡ್ರು, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆಚ್.ಎಸ್. ಥಾಮಸ್ 1873ರಲ್ಲಿ ಇದರ ಮೇಲೆ ಪುಸ್ತಕನೇ ತಂದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಲಿ ಹಿಡಿದಿದ್ದು 120 ಪೌಂಡ್, ಅಂದ್ರೆ 54 ಕೆಜಿ ಹತ್ರ. ಕಾವೇರಿಲಿ ಇದಕ್ಕೆ ಕಟ್ತಿದ್ದಿದ್ದು ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಫ್ಲೈಗೂ ಬೀಳುತ್ತೆ, ಆದ್ರೆ ಕಾವೇರಿ ಬದಿಯ ಹಳಬರ ನಂಬಿಕೆ ರಾಗಿ ಮೇಲೇನೇ.

ಸ್ವಾತಂತ್ರ್ಯ ಬಂದಮೇಲೆ ಈ ಮೀನಿನ ಕಥೆ ಕೆಟ್ಟಿತು. ತೋಟೆ (ಸಿಡಿಮದ್ದು) ಮತ್ತೆ ವಿಷ ಹಾಕಿ ಮೀನು ಹಿಡಿಯೋದನ್ನ 1897ರ ಮೀನುಗಾರಿಕೆ ಕಾಯ್ದೆಲೇ ನಿಷೇಧ ಮಾಡಿದ್ರೂ ಹೊಳೆ ಬದಿಲಿ ನೋಡೋರು ಯಾರು, ಕಲ್ಲು ಕ್ವಾರಿಗೆ ಬರೋ ಮದ್ದು ಹೊಳೆಗೂ ಬರ್ತಿತ್ತು. ತೋಟೆ ಹಾಕೋದನ್ನ ನೋಡಿದೋರಿಗೆ ಗೊತ್ತಿರುತ್ತೆ, ಗುಂಡಿಲಿ ಒಂದು ಸಿಡಿದ್ರೆ ದೊಡ್ಡದು ನಾಲ್ಕು ಮೇಲೆ ತೇಲ್ತವೆ, ಅವನ್ನ ಬಾಚ್ಕೊಂಡು ಹೋಗ್ತಾರೆ, ತಳಕ್ಕೆ ಹೋದವು ಮತ್ತೆ ಬೆರಳುದ್ದದ ಮರಿಗಳ ಲೆಕ್ಕ ಯಾರೂ ಇಡಲ್ಲ. ದಕ್ಷಿಣದಲ್ಲಿ ದೊಡ್ಡ ಮಹಶೀರ್ ಮುಗಿದೇ ಹೋಯ್ತು ಅಂದ್ಕೊಂಡಿದ್ದ ಕಾಲದಲ್ಲಿ, 1970ರ ದಶಕದ ಕೊನೆಗೆ, ಮೂವರು ಇಂಗ್ಲಿಷ್ ಯುವಕರು ಕಾವೇರಿಗೆ ಬಂದು ದೊಡ್ಡ ದೊಡ್ಡ ಮೀನು ಹಿಡಿದು ತೋರಿಸಿದ್ರು. ಅಷ್ಟೊತ್ತಿಗೆ ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾದವರು ಹೊಳೆಯ ಒಂದು ಭಾಗ ಕಾಯೋಕೆ ಶುರು ಮಾಡಿದ್ರು, ಆಮೇಲೆ ಸರ್ಕಾರದ ಪ್ರವಾಸ ಸಂಸ್ಥೆ ಜಂಗಲ್ ಲಾಡ್ಜಸ್ ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಲಿ ಗಾಳದ ಕ್ಯಾಂಪ್ ಹಾಕ್ತು. ಹಿಡಿ, ತೂಕ ಬರಿ, ಬಿಡು. ಮುಂಚೆ ಕದ್ದು ಮೀನು ಹಿಡೀತಿದ್ದ ಅಕ್ಕಪಕ್ಕದ ಹಳ್ಳಿ ಜನರಲ್ಲೇ ಕೆಲವ್ರು ಗೈಡ್ ಆದ್ರು, ಕಾವಲಿಗೆ ನಿಂತ್ರು. ಇದು ನನ್ನ ಪ್ರಕಾರ ತುಂಬಾ ದೊಡ್ಡ ಕೆಲಸ.

ಆದ್ರೆ ಆ ಜಾಗ 1987ರಲ್ಲೇ ಕಾವೇರಿ ವನ್ಯಜೀವಿಧಾಮ ಆಗಿತ್ತು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಹಿಡಿದು ಬಿಡೋದೂ ಬೇಟೆನೇ ಅನ್ನೋ ತೀರ್ಮಾನ ಬಂದು 2010ರ ನಂತರದ ವರ್ಷಗಳಲ್ಲಿ ಆ ಕ್ಯಾಂಪ್‌ಗಳಲ್ಲಿ ಗಾಳ ಪೂರ್ತಿ ನಿಲ್ತು. ನಮ್ಮ ಕಡೆ ಭದ್ರಾ ಹುಲಿ ಮೀಸಲು, ಕುದುರೆಮುಖ ರಾಷ್ಟ್ರೀಯ ಉದ್ಯಾನ ಎರಡಕ್ಕೂ ಇದೇ ಲೆಕ್ಕ, ಅಂದ್ರೆ ಚಿಕ್ಕಮಗಳೂರು ಜಿಲ್ಲೆಯ ಒಳ್ಳೊಳ್ಳೆ ನೀರೆಲ್ಲ ಇದರೊಳಗೇ ಬರುತ್ತೆ, ಗೆಸ್ಟ್‌ನ ಕರ್ಕೊಂಡು ಹೋಗಿ ಗಾಳ ಹಾಕ್ಸಿದ್ರೆ ಕೇಸ್ ಆಗುತ್ತೆ. ಹೊರಗಿನ ಹೊಳೆಗಳಲ್ಲೂ ಮೀನುಗಾರಿಕೆ ಇಲಾಖೆ ಲೈಸೆನ್ಸ್ ವಿಚಾರಿಸ್ದೆ ಇಳಿಯೋದು ಬೇಡ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ಗಾಳಿಬೋರೆ ಕ್ಯಾಂಪಲ್ಲಿ ಹಿಡಿದ ಮೀನಿನ ಲೆಕ್ಕ ಬರೆದಿಟ್ಟಿದ್ರು, 1998ರಿಂದ 2012ರ ತನಕ, ಒಟ್ಟು 6,161 ಮಹಶೀರ್. ಮೀನು ವಿಜ್ಞಾನಿಗಳಾದ ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತವರ ಜೊತೆಯವರು ಆ ಲೆಕ್ಕ ತೆಗೆದು ನೋಡಿದಾಗ ಎರಡು ಸಂಗತಿ ಹೊರಗೆ ಬಂತು. ಕಾವಲಿದ್ದ ಕಡೆ ಮಹಶೀರ್ ಸಂಖ್ಯೆ ಹೆಚ್ಚಾಗಿತ್ತು, ಇದು ಖುಷಿ ವಿಷ್ಯ. ಆದ್ರೆ ಹೆಚ್ಚಾಗಿದ್ದು ಕಾವೇರಿಯ ಮೂಲ ಮೀನಲ್ಲ, ನೀಲಿ ರೆಕ್ಕೆಯ ಮಹಶೀರ್. ಅದು ಲೋನಾವಳದ ಟಾಟಾ ಹ್ಯಾಚರಿಲಿ 1970ರ ದಶಕದಿಂದ ಮರಿ ಮಾಡಿ ಬೇರೆ ಬೇರೆ ಕಡೆಗೆ ಹಂಚಿದ ಜಾತಿ, ಕಾವೇರಿಗೂ ಬಿಟ್ಟಿದ್ರು, ಮಹಶೀರ್ ಉಳೀಲಿ ಅನ್ನೋ ಒಳ್ಳೆ ಮನಸ್ಸಿಂದಲೇ ಬಿಟ್ಟಿದ್ದು. ಕಾವೇರಿಯ ಸ್ವಂತ ಮೀನು, ಕೇಸರಿ ರೆಕ್ಕೆಯ, ಬೆನ್ನು ಗೂನಾಗಿರೋ ಮಹಶೀರ್ ಕಮ್ಮಿ ಆಗ್ತಾ ಆಗ್ತಾ ಅಪರೂಪಕ್ಕೆ ಒಂದೊಂದು ದೊಡ್ಡದು ಮಾತ್ರ ಸಿಗ್ತಿತ್ತು, ಸಣ್ಣವು ಸಿಗ್ತಾನೇ ಇರ್ಲಿಲ್ಲ. ಅಂದ್ರೆ ಮರಿ ಆಗಿ ಉಳೀತಾನೇ ಇರ್ಲಿಲ್ಲ. ಲೋಕಕ್ಕೆಲ್ಲ ಫೋಟೋದಲ್ಲಿ ಗೊತ್ತಿದ್ದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ, ಗಟ್ಟಿಯಾಗಿದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಯ ಕೊನೇ ಹಂತಕ್ಕೂ ಸೇರ್ತು. ಕಾವೇರಿ ಮತ್ತೆ ಅದರ ಉಪನದಿಗಳು ಬಿಟ್ರೆ ಭೂಮಿ ಮೇಲೆ ಇನ್ನೆಲ್ಲೂ ಇಲ್ದಿರೋ ಮೀನು ಇದು. ತೋಟೆ, ಡ್ಯಾಮು, ಮರಳು ಎಲ್ಲದರ ಪಾಲೂ ಇದೆ, ಆದ್ರೆ ಹೊರಗಿನ ತಳಿ ತಂದು ತುಂಬಿದ್ದೂ ಸೇರ್ಕೊಂಡಿತು ಅನ್ನೋದನ್ನ ಮರೀಬಾರ್ದು.

ಟ್ರೌಟ್ ರ‍್ಯಾಂಚ್‌ಗಳ ನಾಡು ಮೊಂಟಾನಾದಲ್ಲೂ ಇದೇ ಪಾಠ ಕಲಿತಿದ್ದಾರೆ. ಅಲ್ಲಿ ಮೊದಲು ಹ್ಯಾಚರಿಲಿ ಬೆಳೆದ ಟ್ರೌಟ್‌ನ ಹೊಳೆಗಳಿಗೆ ಲಾರಿಗಟ್ಟಲೆ ಸುರೀತಿದ್ರು. ಮ್ಯಾಡಿಸನ್ ಹೊಳೆಲಿ ಲೆಕ್ಕ ಹಾಕಿ ನೋಡಿದಾಗ ಸುರಿದ ಕಡೆ ಹೊಳೆಲೇ ಹುಟ್ಟಿ ಬೆಳೆದ ಟ್ರೌಟ್ ಕಮ್ಮಿ ಆಗ್ತಿದೆ, ಸುರಿಯೋದು ನಿಲ್ಸಿದ ಕಡೆ ತಾನೇ ಹೆಚ್ತಿದೆ ಅಂತ ಗೊತ್ತಾಯ್ತು. 1974ರಲ್ಲಿ ಹೊಳೆಗಳಿಗೆ ಮೀನು ಬಿಡೋದನ್ನೇ ನಿಲ್ಸಿದ್ರು. ಇವತ್ತು ನಮ್ಮ ಗೆಸ್ಟ್‌ಗಳು ನೋಡಿ ಆಸೆಪಡೋ ಹೊಳೆಗಳು ಹಾಗೆ ಅವುಗಳ ಪಾಡಿಗೆ ಬಿಟ್ಟಿದ್ದಕ್ಕೇ ಅಷ್ಟು ಚೆನ್ನಾಗಿರೋದು.

ನಮ್ಮಲ್ಲಿ ಇದು ಇನ್ನೂ ಸೂಕ್ಷ್ಮ. ಚಿಕ್ಕಮಗಳೂರು ಜಿಲ್ಲೆ ಒಂದೇ ಆದ್ರೂ ನೀರು ಮೂರು ಕಡೆ ಹೋಗುತ್ತೆ. ತುಂಗಾ, ಭದ್ರಾ ಕೃಷ್ಣೆಗೆ, ಹೇಮಾವತಿ, ಯಗಚಿ ಕಾವೇರಿಗೆ, ನೇತ್ರಾವತಿ ಕಡೆಯ ಹಳ್ಳಗಳು ಘಟ್ಟ ಇಳಿದು ಸಮುದ್ರಕ್ಕೆ. ಬೆಟ್ಟದ ಒಂದು ಬದಿ ಹಳ್ಳದ ಮೀನಿಗೂ ಇನ್ನೊಂದು ಬದಿದಕ್ಕೂ ಲಕ್ಷಾಂತರ ವರ್ಷ ಸಂಬಂಧ ಇಲ್ದೆ ಇರ್ಬೋದು, ನಾವು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಕವರಲ್ಲಿ ಮರಿ ತಂದು ಅರ್ಧ ಗಂಟೆಲಿ ಆ ಗೋಡೆ ಒಡೆದುಬಿಡ್ತೀವಿ. ಟ್ರೌಟ್ ಆದ್ರೆ ಬೇಸಿಗೆಲಿ ಸಾಯುತ್ತೆ. ಸಾಯದೇ ಇರೋವು ಈಗಾಗ್ಲೇ ಹೋಮ್‌ಸ್ಟೇ ಹೊಂಡಗಳಲ್ಲಿವೆ, ತಿಲಾಪಿಯಾ, ರೂಪ್‌ಚಂದ್, ಸಾಕೋದೇ ನಿಷೇಧ ಇರೋ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಕೆಲವು ಕಡೆ. ಆಷಾಢದ ಮಳೆಲಿ ಹೊಂಡ ಕೋಡಿ ಬಿತ್ತು ಅಂದ್ರೆ ಅವೆಲ್ಲ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ.

ಹಾಗಾದ್ರೆ ನಮ್ಮ ಮೀನು ಎಲ್ಲಿ ಉಳಿದಿದೆ ಅಂತ ನೋಡಿದ್ರೆ ದೇವಸ್ಥಾನದ ಮುಂದೆ. ಶೃಂಗೇರಿಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಪುರಿ ಎಸೆದ್ರೆ ನೀರು ಕುದ್ದ ಹಾಗೆ ಎದ್ದು, ಕಪ್ಪು ಬೆನ್ನುಗಳು ಒಂದರ ಮೇಲೊಂದು ಹತ್ತಿ ಬಾಯಿ ತೆರೀತವೆ, ಅಲ್ಲಿ ಯಾರೂ ಗಾಳ ಹಾಕಲ್ಲ. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಲೂ ಹೀಗೇ, ದೇವರ ಮೀನು ಅಂತ ಕಾಯ್ಕೊಂಡು ಬಂದಿದ್ದಾರೆ. ಘಟ್ಟದ ಕೆಳಗೆ, ದಕ್ಷಿಣ ಕನ್ನಡದ ಶಿಶಿಲ ದೇವಸ್ಥಾನದ ಹೊಳೆಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ವು, ಊರೋರು ಅವಕ್ಕೆ ಸ್ಮಾರಕ ಕಟ್ಟಿದ್ರು, ಮತ್ತೆ ಕಾದ್ರು. ಭಕ್ತಿಯಿಂದ ಆಗ್ಲಿ ಗಾಳದ ಹುಚ್ಚಿಂದ ಆಗ್ಲಿ, ಹೊಳೆಗೆ ಒಬ್ರು ದಿಕ್ಕು ಅಂತ ಇದ್ದ ಕಡೆ ಮೀನಿದೆ.

ಆದ್ರೆ ದೇವಸ್ಥಾನದ ಮುಂದಿನ ಕಾಲು ಮೈಲಿ ಸಾಕಾಗಲ್ಲ. ಜೂನ್ ಮೊದಲ ಮಳೆಗೆ ಮೀನು ಮೊಟ್ಟೆ ಇಡೋಕೆ ಹಳ್ಳ, ಗದ್ದೆ ಕಡೆಗೆ ಹತ್ತುತ್ತಲ್ಲ, ಆ ಹತ್ತುಮೀನು ಹಿಡಿಯೋದು ನಮ್ಮ ಮಲೆನಾಡಿನ ಹಳೇ ಸಂಭ್ರಮ, ನಾನೂ ತಿಂದು ಬೆಳೆದೋನೇ. ಹಿಂದೆ ಒಂದು ಕೂಣಿ, ಅಂದ್ರೆ ಬಿದಿರಿನ ಮೀನು ಬುಟ್ಟಿ, ಇಡ್ತಿದ್ರು, ಅದರ ಪಕ್ಕದಲ್ಲಿ ದಾಟಿ ಹೋಗೋಕೆ ಮೀನಿಗೆ ದಾರಿ ಇರ್ತಿತ್ತು. ಈಗ ಹಳ್ಳಕ್ಕೆ ಅಡ್ಡ ಪೂರ್ತಿ ಬಲೆ, ಬ್ಲೀಚಿಂಗ್ ಪೌಡರ್, ಕರೆಂಟ್. ಡಿಸೆಂಬರ್‌ನಿಂದ ಕಾಫಿ ಪಲ್ಪಿಂಗ್, ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸೋದು, ಶುರುವಾದ್ರೆ ಆ ಪಲ್ಪರ್ ಮೆಷಿನ್ ನೀರನ್ನ ಹೊಂಡದಲ್ಲಿ ನಿಲ್ಸದೇ ಹಳ್ಳಕ್ಕೆ ಬಿಡೋರು ಇನ್ನೂ ಇದ್ದಾರೆ, ನೀರು ಕಪ್ಪಾಗಿ ಹುಳಿ ವಾಸನೆ ಹೊಡೆಯುತ್ತೆ, ಆಕ್ಸಿಜನ್ ಖಾಲಿ ಆಗುತ್ತೆ. ಅದಾದ್ಮೇಲೆ ಫೆಬ್ರವರಿ, ಮಾರ್ಚಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್, ಒಂದೇ ಹಳ್ಳಕ್ಕೆ ಸಾಲಾಗಿ ಮೋಟರ್, ಮೀನು ಬೇಸಿಗೆ ಕಳೀಬೇಕಾದ ಗುಂಡಿನೇ ಬತ್ತಿಹೋಗುತ್ತೆ. ಕುದುರೆಮುಖದ ಗಣಿ ಮಣ್ಣು ಭದ್ರೆಗೆ ಇಳೀತಿದ್ದಾಗ ನಾವೆಲ್ಲ ದನಿ ಎತ್ತಿದ್ವಿ, ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಲ್ತು. ನಮ್ಮ ತೋಟದ ಮೋಟರ್ ವಿಷ್ಯಕ್ಕೆ ಬಂದಾಗ ಮಾತ್ರ ಸುಮ್ನಾಗ್ತೀವಿ.

ಹೋಮ್‌ಸ್ಟೇ ಇಟ್ಕೊಂಡಿರೋರಿಗೆ ನಾನು ಕೇಳ್ಕೊಳ್ಳೋದು ಇಷ್ಟು. ಹೊಂಡದ ಕೋಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕ್ಸಿ, ಹೊರಗಿನ ಮರಿ ತರೋದೇ ಬೇಡ. ನಿಮ್ಮ ಗಡಿಯೊಳಗಿನ ಹಳ್ಳದಲ್ಲಿ ಆಳದ ಒಂದು ಗುಂಡಿ ಗುರುತು ಮಾಡಿ, ಅದಕ್ಕೆ ಮೋಟರ್ ಇಡ್ಬೇಡಿ, ಜೂನ್, ಜುಲೈಲಿ ಅಲ್ಲಿ ಬಲೆ ಬೀಳದ ಹಾಗೆ ನೋಡ್ಕೊಳ್ಳಿ. ಗೆಸ್ಟ್‌ಗೆ ಸಂಜೆ ಅಲ್ಲಿ ಬಂಡೆ ಮೇಲೆ ಕೂರಿಸಿ ಮೀನು ತೋರಿಸಿ, ಟ್ರೌಟ್ ಬೇಕೇ ಬೇಕು ಅಂದೋರಿಗೆ ಕಾಶ್ಮೀರದ ದಾರಿ ಹೇಳಿ. ಗಾಳಿಬೋರೆಯಲ್ಲಿ ಇಟ್ಟಿದ್ದಂತದೇ ಒಂದು ಪುಸ್ತಕ ನೀವೂ ಇಡಿ, ಯಾವ ತಿಂಗಳು ಗುಂಡಿಲಿ ಯಾವ ಮೀನು ಕಂಡಿತು, ಮರಿ ಇತ್ತಾ, ನೀರು ಎಷ್ಟಿತ್ತು ಅಂತ. ಹೇಮಾವತಿಗೆ ಸೇರೋ ಒಂದೊಂದು ಹಳ್ಳದಲ್ಲೂ ಅಂಥ ಪುಸ್ತಕ ಇದ್ರೆ ಮುಂದೆ ಲೈಸೆನ್ಸ್ ಕೊಡಬೇಕಾ ಬೇಡ್ವಾ, ಎಲ್ಲಿ ಯಾರೂ ಮುಟ್ಟಬಾರದು ಅಂತ ಇಲಾಖೆ ಜೊತೆ ಕೂತು ಮಾತಾಡೋಕೆ ನಮ್ಮ ಕೈಲಿ ಲೆಕ್ಕ ಇರುತ್ತೆ.